ಬೆಳಗಿದ ಚೊಂಬು, ನೀಲಿ ಕಾಗದ

ಮೊನ್ನೆ ನಮ್ಮ ಮನೆಗೆ ನೀರಿನ ಫಿಲ್ಟರ್ ಮಾರುವ ಆಸಾಮಿಯೊಬ್ಬ ಬಂದಿದ್ದ. ಕತ್ತಿಗೆ ಟೈ, ಕೈಯಲ್ಲೊಂದು ಪೆಟ್ಟಿಗೆ, ಹಣೆ ತುಂಬ ಬೆವರು. ಪಾಪ, ಬಿಸಿಲಲ್ಲಿ ಬಂದಿದ್ದಾನೆ ಎಂದು ಕೂರಿಸಿ ಮಜ್ಜಿಗೆ ಕೊಟ್ಟೆ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವನೇ ನಮ್ಮ ಮನೆಯ ನೀರಿನ ಮಾನ ಕಳೆಯಲು ಶುರು ಮಾಡಿದ. ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನ ಯಂತ್ರದಿಂದ ಬಂದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಅದ್ದಿ ಕರೆಂಟು ಕೊಟ್ಟ. ನೋಡನೋಡುತ್ತಿದ್ದ ಹಾಗೆ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ, ಬಗ್ಗಡವಾಗಿ, ಮೇಲೆ ನೊರೆ ಕಟ್ಟಿಕೊಂಡಿತು. ಅವನ ನೀರು ಮಾತ್ರ ಏನೂ ಆಗದೆ ತಣ್ಣಗೆ ಕೂತಿತ್ತು.

“ಇದನ್ನೇ ಮೇಡಂ ನೀವು ದಿನಾ ಕುಡೀತಿರೋದು,” ಎಂದ, ತುಂಬ ದುಃಖದಿಂದ.

ಪಕ್ಕದ ಮನೆಯ ಸುಮಿತ್ರಾ ಬಾಗಿಲಲ್ಲೇ ನಿಂತಿದ್ದರು. “ಅಯ್ಯೋ ರಾಮಾ! ಮೊಮ್ಮಗಂಗೆ ಇದನ್ನೇ ಕುಡಿಸ್ತಿದ್ದೀನಲ್ರೀ!” ಎಂದು ಎದೆ ಮೇಲೆ ಕೈ ಇಟ್ಟುಕೊಂಡರು.

ನಾನು ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ಲೋಟಕ್ಕೆ ಹಾಕಿದೆ. “ಈಗ ಅದ್ದಪ್ಪ,” ಎಂದೆ.

“ಮೇಡಂ, ಹಂಗೆಲ್ಲ ಮಾಡ್ಬಾರ್ದು.”

“ಯಾಕೆ, ಉಪ್ಪೇನು ವಿಷಾನಾ? ಈಗ್ತಾನೆ ಮಜ್ಜಿಗೇಲಿ ಹಾಕಿಕೊಟ್ಟೆ, ಗಟಗಟ ಕುಡಿದ್ಯಲ್ಲ.”

ಅವನು ಅದ್ದಲಿಲ್ಲ. ನಾನೇ ಅದ್ದಿದೆ. ಅವನ ಶುದ್ಧ ನೀರು ನಮ್ಮ ನೀರಿಗಿಂತ ಒಂದು ಕೈ ಮಿಗಿಲಾಗಿ ಕೊಳೆಯಾಯಿತು. ಸ್ವಲ್ಪ ಉಪ್ಪಿನಂಶ ಇದ್ದರೆ ಸಾಕು, ನೀರಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿ ಕರಗಿ ತುಕ್ಕು ಬಿಡುತ್ತದೆ. ಆ ಕೊಳೆ ನೀರಿನದಲ್ಲ, ಕಡ್ಡಿಯದು. ಇಷ್ಟನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಅವನು ಪೆಟ್ಟಿಗೆ ಮುಚ್ಚಿ ಆಗಿತ್ತು.

“ಹಂಗಾದ್ರೆ ನಿಮ್ಮ ನೀರು ಒಳ್ಳೇದು ಅಂತೀರಾ ಮೇಡಂ?” ಎಂದು ಮೆಟ್ಟಿಲ ಹತ್ತಿರ ತಿರುಗಿ ನಿಂತು ಕೇಳಿದ.

“ನಂಗೆ ಗೊತ್ತಿಲ್ಲ,” ಎಂದೆ. “ನಿನ್ನ ಕಡ್ಡಿಗೂ ಗೊತ್ತಿಲ್ಲ.”

ಸುಮಿತ್ರಾ ಅದೇ ಸಂಜೆ ಅದೇ ಯಂತ್ರ ಕೊಂಡರು. “ನೀವು ಹೇಳೋದು ಸರಿನೇ ಇರ್ಬೋದು ಕಣ್ರೀ, ಆದ್ರೆ ಆ ಬಣ್ಣ ನೋಡಿದ್ಮೇಲೆ ಗಂಟ್ಲಲ್ಲಿ ಇಳಿಯಲ್ಲ,” ಎಂದರು. ಪೇಪರಿನ ಹಿಂದಿನಿಂದ ನಮ್ಮ ಯಜಮಾನರು, “ಇವಳು ಸ್ಕೂಲಿಂದ ರಿಟೈರ್ ಆದ್ಲು, ಬಾಯಿ ಇನ್ನೂ ಆಗಿಲ್ಲ,” ಎಂದರು. ಆಗುವುದೂ ಇಲ್ಲ. ವಿಜ್ಞಾನದ ಟೀಚರಾಗಿ ಕೆಲಸ ಮಾಡಿದ್ದರಿಂದ ಈ ಬಾಯಿ ಬಂತು ಎಂದು ಅವರು ತಿಳಿದಿದ್ದಾರೆ. ಅಲ್ಲ. ಇದಕ್ಕೆ ಸಾಣೆ ಹಿಡಿದದ್ದು ಒಂದು ಹಿತ್ತಾಳೆ ಚೊಂಬು. ಅದು ಈಗಲೂ ನಮ್ಮ ದೇವರ ಮನೆಯಲ್ಲಿದೆ. ಅದರ ಕತೆ ಹೇಳುತ್ತೇನೆ, ಕೇಳಿ. ಕೇಳದಿದ್ದರೂ ಹೇಳುತ್ತೇನೆ.

ಪೀಣ್ಯ ಎಂದರೆ ಈಗ ನಿಮಗೆ ಮೇಲುಸೇತುವೆ, ಮೆಟ್ರೋ, ಸಾಲುಗಟ್ಟಿದ ಲಾರಿ ನೆನಪಾಗಬಹುದು. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಅದು ಇನ್ನೂ ಅರ್ಧ ಹಳ್ಳಿ, ಅರ್ಧ ಕಾರ್ಖಾನೆ. ನಮ್ಮ ರಾಗಿ ಹೊಲವೂ ದ್ರಾಕ್ಷಿ ಚಪ್ಪರವೂ ಕೈಗಾರಿಕಾ ಪ್ರದೇಶಕ್ಕೆಂದು ಹೋಗಿಯಾಗಿತ್ತು. ನಮ್ಮಪ್ಪ ಉಳುತ್ತಿದ್ದ ಜಾಗದಲ್ಲೇ ಎದ್ದ ಒಂದು ಲೇತ್ ಶೆಡ್ಡಿನಲ್ಲಿ ಅವನೇ ಕೆಲಸಕ್ಕೆ ಸೇರಿಕೊಂಡಿದ್ದ. ನಮ್ಮ ಅಜ್ಜಿ ಮುನಿಯಮ್ಮ ಸೂರ್ಯನನ್ನು ನೋಡಿ ಹೊತ್ತು ಹೇಳುವುದನ್ನು ಬಿಟ್ಟು ಸೈರನ್ ಕೇಳಿ ಹೇಳಲು ಕಲಿತಿದ್ದಳು. “ದೊಡ್ಡ ಸೈರನ್ನು ಆಯ್ತು, ಸಾರಿಗಿಡೇ,” ಎಂದು ಅಮ್ಮನಿಗೆ ಕೂಗುವಳು. ಕಾರ್ಖಾನೆಗೆ ರಜೆ ಬಂದ ದಿನ ನಮ್ಮ ಮನೆಯಲ್ಲಿ ಊಟವೂ ತಡ.

ಹೊಲವೆಲ್ಲ ಹೋದ ಮೇಲೆ ಅಜ್ಜಿಗೆ ಉಳಿದದ್ದು ಮನೆ, ಹಿತ್ತಿಲು, ಒಂದು ನುಗ್ಗೆಮರ, ಮತ್ತು ಸೇದುವ ಬಾವಿ. ಬಾವಿ ತೋಡಿದ್ದು ನಮ್ಮ ತಾತ. ತೋಡುವಾಗ ಬಂಡೆ ಸಿಕ್ಕಿ, ಊರವರೆಲ್ಲ ನೀರು ಬರಲ್ಲ ಎಂದು ನಕ್ಕು, ಕೊನೆಗೆ ಬಂಡೆಯ ಪಕ್ಕದಿಂದ ಸೆಲೆ ಒಡೆದು ಬಂದ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಬೀದಿಯ ಅಷ್ಟೂ ಹೆಂಗಸರು ಬೆಳಗಾದರೆ ನಮ್ಮ ಹಿತ್ತಿಲಿಗೆ ಬರುತ್ತಿದ್ದರು. ಮೂಲೆಯಲ್ಲಿ ಬೀದಿ ನಲ್ಲಿ ಬಂದಿದ್ದರೂ ಕುಡಿಯುವ ನೀರಿಗೆ ಮುನಿಯಮ್ಮನ ಬಾವಿಯೇ ಆಗಬೇಕು. ರಾಟೆ ಕಿರ್ರ್ ಎನ್ನುತ್ತಿದ್ದರೆ ಅಜ್ಜಿ ಜಗಲಿಯ ಮೇಲೆ ಎಲೆಅಡಿಕೆ ಜಗಿಯುತ್ತಾ, ಯಾರ ಮನೆಯಲ್ಲಿ ಏನು ನಡೆಯಿತು ಎಂದು ವಿಚಾರಿಸಿಕೊಳ್ಳುತ್ತಾ ಕೂರುವಳು. ಜಮೀನು ಹೋದರೂ ಜಮೀನ್ದಾರಿಕೆ ಹೋಗದ ಹಾಗೆ ಆ ಬಾವಿ ಅವಳನ್ನು ಕಾಪಾಡಿತ್ತು.

ಹಿತ್ತಿಲ ಬೇಲಿಯ ಆಚೆಗೆ ಒಂದು ಪ್ಲೇಟಿಂಗ್ ಶೆಡ್ಡು. ಸೈಕಲ್ ಹ್ಯಾಂಡಲು, ನಲ್ಲಿ, ಬಾಗಿಲ ಹಿಡಿಗಳಿಗೆ ಫಳಫಳ ಹೊಳೆಯುವ ಲೇಪ ಹಾಕುತ್ತಿದ್ದರು. ಅಲ್ಲಿಂದ ಬೇಲಿಗುಂಟ ಒಂದು ಚರಂಡಿ. ಅದರಲ್ಲಿ ಒಂದು ದಿನ ಹಸಿರು ನೀರು, ಒಂದು ದಿನ ಹಳದಿ. ಇವತ್ತು ಯಾವ ಬಣ್ಣ ಎಂದು ನಾವು ಮಕ್ಕಳು ಹುಣಸೆಬೀಜ ಕಟ್ಟಿ ಪಂದ್ಯ ಆಡುತ್ತಿದ್ದೆವು. ಅದು ಒಳ್ಳೆಯದಲ್ಲ ಎಂದು ನಮಗೆ ಯಾರೂ ಹೇಳಲಿಲ್ಲ. ನಾನಂತೂ ಹಸಿರಿನ ಮೇಲೆ ಕಟ್ಟಿ ತುಂಬ ಬೀಜ ಗೆದ್ದಿದ್ದೇನೆ.

ಈಗ ನಮ್ಮ ವಿಜ್ಞಾನದ ಮೇಷ್ಟ್ರು ಶಂಕರಪ್ಪನವರ ವಿಷಯ. ಒಳ್ಳೆಯವರು. ಹೊಡೆಯುತ್ತಿರಲಿಲ್ಲ, ರಜಾ ಹಾಕುತ್ತಿರಲಿಲ್ಲ. ಅವರದೊಂದೇ ಪದ್ಧತಿ: ವೀಕ್ಷಣೆ ಮತ್ತು ನಿರ್ಣಯವನ್ನು ಮೊದಲು ಬೋರ್ಡಿನ ಮೇಲೆ ಬರೆಸಿಬಿಡುವುದು, ಪ್ರಯೋಗ ಆಮೇಲೆ ಮಾಡುವುದು. “ಮೊದ್ಲು ಬರ್ಕೊಂಡ್ಬಿಡಿ, ಆಮೇಲೆ ಗಲಾಟೆ ಇರಲ್ಲ,” ಎನ್ನುವರು. ಸುಣ್ಣದ ತಿಳಿನೀರಿಗೆ ಊದುವ ಮೊದಲೇ ಅದು ಹಾಲಿನಂತಾಗಿರುತ್ತಿತ್ತು. ಮೇಣದಬತ್ತಿ ಹಚ್ಚುವ ಮೊದಲೇ ಆರಿಹೋಗಿರುತ್ತಿತ್ತು. ನಮ್ಮೆಲ್ಲರ ಪ್ರಯೋಗಗಳೂ ಅಚ್ಚುಕಟ್ಟಾಗಿ ಯಶಸ್ವಿಯಾಗುತ್ತಿದ್ದವು, ಕೆಲವೊಮ್ಮೆ ಗಂಟೆ ಹೊಡೆದು ಪ್ರಯೋಗ ಮಾಡಲು ಹೊತ್ತೇ ಸಾಲದಿದ್ದರೂ ಸಹ.

ಲಿಟ್ಮಸ್ ಪಾಠ ಬಂತು. ನೀಲಿ ಕಾಗದ ಹುಳಿ ತಗುಲಿದರೆ ಕೆಂಪಾಗುತ್ತದೆ. ನೀರಿಗೆ ಅದ್ದಿದರೆ ಏನೂ ಆಗುವುದಿಲ್ಲ. ‘ನೀರು: ಬದಲಾವಣೆ ಇಲ್ಲ’ ಎಂದು ಬರೆದುಕೊಂಡೆವು. ಮರುದಿನ ಎಲ್ಲರೂ ಅವರವರ ಮನೆಯ ನೀರು ತರಬೇಕು ಎಂದರು.

ಉಳಿದವರು ಔಷಧದ ಸೀಸೆಯಲ್ಲೋ ಹಾರ್ಲಿಕ್ಸ್ ಬಾಟ್ಲಿಯಲ್ಲೋ ತಂದರು. ನಮ್ಮಮ್ಮ ಬಿಡಬೇಕಲ್ಲ? “ಮೇಷ್ಟ್ರ ಮುಂದೆ ಇಡೋ ನೀರು, ಬಾಟ್ಲೀಲಿ ತಗೊಂಡೋಗ್ತೀಯಾ? ಜನ ಏನಂದ್ಕೋತಾರೆ?” ಎಂದು ತನ್ನ ಮದುವೆಯ ಹಿತ್ತಾಳೆ ಚೊಂಬನ್ನು ಅಟ್ಟದಿಂದ ಇಳಿಸಿದಳು. ರಾತ್ರಿಯೇ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳು. ಚೊಂಬಿನ ಕಂಠ ಸಣ್ಣದು, ಒಳಗೆ ಕೈ ಹೋಗುವುದಿಲ್ಲ. ಅದಕ್ಕೆ ಒಂದು ಉಂಡೆ ಹುಣಸೆಹಣ್ಣನ್ನು ಒಳಗೇ ಬಿಟ್ಟು, ಬೆಳಿಗ್ಗೆ ಒಂದು ಸಲ ಕುಲುಕಿ ಚೆಲ್ಲಿ, ಬಾವಿಯ ನೀರು ತುಂಬಿ ಕೊಟ್ಟಳು. ಚೊಂಬು ಹೇಗೆ ಹೊಳೆಯುತ್ತಿತ್ತು ಎಂದರೆ ದಾರಿಯಲ್ಲಿ ನಾನು ಅದರಲ್ಲಿ ಮುಖ ನೋಡಿಕೊಂಡು ಬೈತಲೆ ಸರಿಮಾಡಿಕೊಂಡೆ.

ನನ್ನ ಸರದಿ ಬಂತು. ಕಾಗದ ಅದ್ದಿದೆ. ಕೆಂಪಾಯಿತು!

“ತಪ್ಪು,” ಎಂದರು ಮೇಷ್ಟ್ರು.

“ಏನು ತಪ್ಪು ಸಾರ್?”

“ನೀರು ಕೆಂಪು ಮಾಡಲ್ಲ. ಬರೆದಿದ್ದೀವಲ್ಲ? ಬದಲಾವಣೆ ಇಲ್ಲ ಅಂತ ಇದ್ದದ್ದು ಹಂಗೇ ಇರ್ಲಿ.”

“ಆದ್ರೆ ಬದಲಾಯ್ತಲ್ಲ ಸಾರ್.”

“ನಿಮ್ಮ ಬಾವಿ ಪುಸ್ತಕಕ್ಕಿಂತ ದೊಡ್ಡದೇನಮ್ಮಾ?”

ಕ್ಲಾಸು ನಕ್ಕಿತು. ನನಗೆ ಎಲ್ಲಿತ್ತೋ ಸಿಟ್ಟು, ಬರೆದದ್ದನ್ನು ಹೊಡೆದುಹಾಕಿ ‘ಕೆಂಪಾಯಿತು’ ಎಂದು ಬರೆದೆ. ಮೇಷ್ಟ್ರು ಅದನ್ನು ಹೊಡೆದುಹಾಕಿದರು. ನಾನು ಕೆಳಗೆ ಮತ್ತೆ ಬರೆದೆ. “ನಾಳೆ ಮತ್ತೆ ತಗೊಂಡ್ ಬಾ, ನೋಡೇಬಿಡೋಣ,” ಎಂದರು, ಅವರಿಗೂ ರೇಗಿತ್ತು.

ಮರುದಿನದ ಕತೆ ಇನ್ನೂ ಚೆನ್ನ. ಮೇಷ್ಟ್ರು ಚೊಂಬನ್ನು ಮತ್ತೆ ನೋಡುತ್ತಾರೆ ಎಂದು ತಿಳಿದ ಅಮ್ಮ ಹುಣಸೆಹಣ್ಣನ್ನು ಇನ್ನೂ ಧಾರಾಳವಾಗಿ ಹಾಕಿ ತಿಕ್ಕಿದಳು. ಕಾಗದ ಇನ್ನೂ ಚೆನ್ನಾಗಿ ಕೆಂಪಾಯಿತು. ಅದರ ಮರುದಿನವೂ ಅಷ್ಟೇ. ನಾನು ಎಷ್ಟು ಎಚ್ಚರದಿಂದ ಮತ್ತೆ ಮತ್ತೆ ಮಾಡಿದೆನೋ ಅಷ್ಟು ಖಚಿತವಾಗಿ ತಪ್ಪಾಗುತ್ತಾ ಹೋದೆ.

ಬಹಳ ವರ್ಷದ ನಂತರ ಬಿ.ಎಡ್. ಓದುವಾಗ ‘ವಿಶ್ವಾಸಾರ್ಹತೆ’ ಮತ್ತು ‘ಸಿಂಧುತ್ವ’ ಎಂಬ ಎರಡು ಮಾತುಗಳು ಬಂದವು. ಕ್ಲಾಸಿನಲ್ಲಿ ಎಲ್ಲರೂ ಬಾಯಿಪಾಠ ಹೊಡೆಯುತ್ತಿದ್ದರೆ ನನಗೆ ನಗು. ಎಷ್ಟು ಸಲ ಮಾಡಿದರೂ ಅದೇ ಉತ್ತರ ಬಂದರೆ ಪರೀಕ್ಷೆ ವಿಶ್ವಾಸಾರ್ಹ. ನಾವು ಯಾವುದನ್ನು ಅಳೆಯಲು ಹೊರಟಿದ್ದೇವೋ ಅದನ್ನೇ ಅಳೆದರೆ ಸಿಂಧು. ನಮ್ಮ ಚೊಂಬು ಪರಮ ವಿಶ್ವಾಸಾರ್ಹ. ಒಂದು ದಿನವೂ ಮಾತು ತಪ್ಪಲಿಲ್ಲ. ಅಳೆಯುತ್ತಿದ್ದದ್ದು ಮಾತ್ರ ತಾತನ ಬಾವಿಯನ್ನಲ್ಲ, ಅಮ್ಮನ ಹುಣಸೆಹಣ್ಣನ್ನು. ದಿನವೂ ಅರ್ಧ ಗಂಟೆ ತಡವಾಗಿ ನಡೆಯುವ ಗಡಿಯಾರ ಬಹಳ ನಿಯತ್ತಿನದು, ಆದರೆ ಅದನ್ನು ನಂಬಿದರೆ ಬಸ್ಸು ತಪ್ಪುತ್ತದೆ.

ಆದರೆ ಆಗ ನನಗೆ ಇದೆಲ್ಲ ಎಲ್ಲಿ ಗೊತ್ತು? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೇಲಿಯಾಚೆಯ ಶೆಡ್ಡಿನಲ್ಲಿ ಆಸಿಡ್ ಕ್ಯಾನುಗಳನ್ನು ಇಳಿಸುವುದನ್ನು ದಿನವೂ ನೋಡುತ್ತಿದ್ದೆ. ಇನ್ನೇನು ಬೇಕು? “ನಮ್ಮ ಬಾವೀಲಿ ಆಸಿಡ್ ಸೇರ್ಕೊಂಡಿದೆ,” ಎಂದು ಬೀದಿ ನಲ್ಲಿಯ ಹತ್ತಿರ ನಿಂತು ಹೇಳಿಬಿಟ್ಟೆ. ನನ್ನ ಮಾತು ನನಗಿಂತ ಮೊದಲು ಮನೆಗೆ ಹೋಗಿತ್ತು.

ಬೆಳಗಾಯಿತು, ರಾಟೆ ಕಿರ್ರ್ ಎನ್ನಲಿಲ್ಲ. ಅದರ ಮರುದಿನವೂ ಯಾರೂ ಬರಲಿಲ್ಲ. ಅಜ್ಜಿ ಜಗಲಿಯ ಮೇಲೆ ಎಲೆಅಡಿಕೆ ಇಟ್ಟುಕೊಂಡು ಒಬ್ಬಳೇ ಕೂತಳು. ಮಕ್ಕಳು ಬಗ್ಗಿ ನೋಡುತ್ತವೆ, ಏನಾದರೂ ಆದೀತು, ಬಾವಿಗೆ ಚಪ್ಪಡಿ ಎಳೆದು ಮುಚ್ಚಿಬಿಡಿ ಎಂದು ಬೀದಿಯ ಹಿರಿಯರು ಅಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಅದನ್ನು ಅಜ್ಜಿಗೆ ಹೇಳಲು ಎರಡು ಸಲ ಬಾಯಿ ತೆಗೆದು ಎರಡು ಸಲವೂ ಬೇರೆ ಏನೋ ಮಾತಾಡಿದ. ಮೂರನೆಯ ಸಲ ಹೇಳಿದ. ಅಜ್ಜಿ ನನ್ನನ್ನು ಕರೆದಳು.

“ಏನೇ ರತ್ನಿ, ಒಲ ಓದಾಗ ನಾನು ಅಳ್ಲಿಲ್ಲ. ಈಗ ನನ್ ಬಾವೀನೂ ಕಿತ್ಕೊಂತೀಯಾ? ಬೇಳೆ ಬೇಯ್ತೈತೆ, ಸೋಪು ನೊರೆ ಬತ್ತೈತೆ. ಇದಕ್ಕಿಂತ ಒಳ್ಳೇ ನೀರು ಎಲ್ಲೈತೆ? ಓಗಿ ಏಳು, ಸುಳ್ಳೇಳ್ದೆ ಅಂತ.”

“ಸುಳ್ಳಲ್ಲ ಅಜ್ಜಿ. ಕಾಗದ ಕೆಂಪಾಗೋದನ್ನ ಕಣ್ಣಾರೆ ನೋಡಿದ್ದೀನಿ.”

“ನಿನ್ ಕಾಗ್ದಕ್ಕೆ ಬೆಂಕಿ ಆಕ!”

ಶಾಲೆಯಲ್ಲಿ ಮೇಷ್ಟ್ರು ತಪ್ಪಾಯಿತು ಎಂದು ಬರೆ ಎನ್ನುತ್ತಾರೆ, ಮನೆಯಲ್ಲಿ ಅಜ್ಜಿ ಸುಳ್ಳು ಎಂದು ಹೇಳು ಎನ್ನುತ್ತಾಳೆ. ಒಬ್ಬರಿಗೆ ಪುಸ್ತಕ ಉಳಿಯಬೇಕು, ಒಬ್ಬರಿಗೆ ಬಾವಿ. ಕಾಗದ ಯಾಕೆ ಕೆಂಪಾಯಿತು ಎಂದು ಮಾತ್ರ ಇಬ್ಬರೂ ಕೇಳಲಿಲ್ಲ. ಯಾಕೆ ಎಂದು ಯಾರಾದರೂ ತೋರಿಸಿಕೊಡುವವರೆಗೆ ನಾನು ಹೇಳಿದ್ದನ್ನು ನುಂಗುವುದಿಲ್ಲ ಎಂದು ಹಟ ಹಿಡಿದೆ. ಊಟ ಬಿಟ್ಟೆ ಎಂದು ಹೇಳಬೇಕೆಂದು ಆಸೆ, ಆದರೆ ಆ ರಾತ್ರಿ ಅವರೆಕಾಳು ಸಾರು, ಮುದ್ದೆ. ಬಿಡಲಾಗಲಿಲ್ಲ.

ಮರುದಿನ ನಾನು ಒಂದು ಉಪಾಯ ಮಾಡಿದೆ. ಮೇಷ್ಟ್ರಿಗೆ ಬುದ್ಧಿ ಕಲಿಸುವ ಉಪಾಯ. ಅಮ್ಮ ಎಂದಿನಂತೆ ತಿಕ್ಕಿಟ್ಟಿದ್ದ ಚೊಂಬನ್ನು ಖಾಲಿ ತೆಗೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ಶಾಲೆಯ ನಲ್ಲಿಯಲ್ಲಿ ನೀರು ಹಿಡಿದೆ. ಅವರೇ ದಿನಾ ಕುಡಿಯುವ ನೀರು. ಕಾಗದ ಅದ್ದಿದೆ. ಕೆಂಪು!

“ನೋಡಿ ಸಾರ್! ನಿಮ್ಮ ನಲ್ಲೀಲೂ ಆಸಿಡ್!” ಎಂದು ಗೆದ್ದವಳ ಹಾಗೆ ಕಾಗದವನ್ನು ಮೇಲೆತ್ತಿ ಹಿಡಿದೆ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಎರಡು ಗಳಿಗೆ ಅವರೂ ನಂಬಿದರು ಎಂದೇ ನನ್ನ ಗುಮಾನಿ. ಆಗ ನನ್ನ ಬೆಂಚಿನ ಜಬೀನಾ ಮೂಗು ಮುಂದೆ ಮಾಡಿ, “ಏ ರತ್ನಾ, ನಿನ್ ಚೊಂಬಲ್ಲಿ ಸಾರಿನ ವಾಸ್ನೆ ಬರ್ತಿದೆ ಕಣೇ,” ಎಂದಳು.

ಮೂಸಿ ನೋಡಿದೆ. ಹುಣಸೆಹಣ್ಣು. ಎತ್ತಿ ಹಿಡಿದ ಕೈ ಎತ್ತಿದ ಹಾಗೇ ನಿಂತಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ. ಜಬೀನಾಳ ಗಾಜಿನ ಸೀಸೆ ಇಸಿದುಕೊಂಡು ನಲ್ಲಿಯಲ್ಲಿ ಮತ್ತೆ ಮತ್ತೆ ತೊಳೆದು, ಅದೇ ನಲ್ಲಿಯ ನೀರು ಹಿಡಿದು ಕಾಗದ ಅದ್ದಿದೆ. ನೀಲಿ ನೀಲಿಯಾಗೇ ಉಳಿಯಿತು. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಸೀಸೆ ಹಿಡಿದು ಮನೆಗೆ ಓಡಿ ಬಾವಿಯ ನೀರು ತಂದೆ. ಅದೂ ನೀಲಿಯೇ.

“ನಾನು ಮೊದಲೇ ಹೇಳ್ಲಿಲ್ವಾ? ಈಗ ಬರಿ, ಬದಲಾವಣೆ ಇಲ್ಲ,” ಎಂದರು ಮೇಷ್ಟ್ರು, ಜೀವ ಬಂದವರ ಹಾಗೆ.

“ಬರೀತೀನಿ ಸಾರ್. ಕೆಂಪಾಗಿದ್ದನ್ನೂ ಬರೀತೀನಿ. ಹುಣಸೆಹಣ್ಣಿನ ಚೊಂಬಲ್ಲಿ ಕೆಂಪು, ತೊಳೆದ ಸೀಸೇಲಿ ಇಲ್ಲ. ಎರಡೂ ಆಗಿದ್ದು ನಿಜ ತಾನೇ? ನೀವು ಹೇಳಿದ್ದು ಸರಿ ಆಯ್ತು, ಆದ್ರೆ ನೀವು ನೋಡಿ ಹೇಳಿದ್ದಲ್ಲ.”

ಆ ಮಾತು ಬಾಯಿಂದ ಹೇಗೆ ಬಂತೋ ಕಾಣೆ. ಮೇಷ್ಟ್ರು ಬಯ್ಯಲಿಲ್ಲ. ಮರುದಿನ ಬೋರ್ಡಿನ ಮೇಲೆ ‘ಪ್ರಯೋಗಕ್ಕೆ ಹಿತ್ತಾಳೆ ಪಾತ್ರೆ ತರಕೂಡದು’ ಎಂದು ಬರೆಸಿದರು. ಅವರು ಕಲಿತದ್ದು ಅಷ್ಟು. ಇರಲಿ, ನಾನು ಕಲಿತದ್ದೂ ಇನ್ನೂ ಅರ್ಧವೇ ಇತ್ತು.

ಬಾವಿಯಲ್ಲಿ ಆಸಿಡ್ ಇಲ್ಲ ಎಂದು ನಾನೇ ಮನೆಮನೆಗೆ ಹೋಗಿ ಹೇಳಿ ಬಂದೆ. ಹುಣಸೆಹಣ್ಣಿನ ಕತೆ ಕೇಳಿ ಬೀದಿಗೆ ಬೀದಿಯೇ ನಕ್ಕಿತು. ರಾಟೆ ಮತ್ತೆ ಕಿರ್ರ್ ಎಂದಿತು. ಅಜ್ಜಿ ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತು, “ಬಾಯಿ ಬಿಟ್ರೆ ಬಣ್ಣಗೇಡು ಇವ್ಳು,” ಎಂದು ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಾ ಸಂತೋಷವಾಗಿದ್ದಳು. ನನಗೋ, ಲಿಟ್ಮಸಿನ ಹುಚ್ಚು ಹಿಡಿದಿತ್ತು. ಕ್ಲಾಸಿನವರು ಗೇಲಿ ಮಾಡಿ ಕೊಟ್ಟ ಚೂರುಗಳನ್ನೆಲ್ಲ ಒಂದು ಕಾಗದದಲ್ಲಿ ಮಡಿಸಿಟ್ಟುಕೊಂಡು ಕಂಡದ್ದಕ್ಕೆಲ್ಲ ಅದ್ದುತ್ತಿದ್ದೆ. ಮಜ್ಜಿಗೆ ಕೆಂಪು. ಬಸಳೆಸೊಪ್ಪಿನ ಹುಳಿ ಕೆಂಪು. ಅಪ್ಪನ ಶೇವಿಂಗ್ ಸೋಪಿನ ನೊರೆ ನೀಲಿ. ಅಪ್ಪ ಬ್ರಷ್ ಎತ್ತಿಕೊಂಡು ಅಟ್ಟಿಸಿಕೊಂಡು ಬಂದ.

ಹೀಗಿರುವಾಗ ಸೊಸೈಟಿಗೆ ಸೀಮೆಎಣ್ಣೆ ಬಂತು. ಗೊತ್ತಲ್ಲ, ಆಗ ಸೀಮೆಎಣ್ಣೆ ಬಂದರೆ ಊರಿಗೆ ಊರೇ ಡಬ್ಬ ಹಿಡಿದು ಸಾಲು ನಿಲ್ಲಬೇಕು. ನಾನೂ ಅಜ್ಜಿಯೂ ಎಣ್ಣೆ ಹಾಕಿಸಿಕೊಂಡು, ಡಬ್ಬ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದೆವು. ಆಗ ಪ್ಲೇಟಿಂಗ್ ಶೆಡ್ಡಿನ ಓನರ್ ಸ್ಕೂಟರಿನಲ್ಲಿ ಬಂದವರು ನಮ್ಮ ಹತ್ತಿರವೇ ನಿಲ್ಲಿಸಿದರು. ನಮ್ಮ ಬೀದಿಯಲ್ಲಿ ಅವರು ಸ್ಕೂಟರ್ ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಗೆ ಮೈಸೂರುಪಾಕನ್ನೂ ಸೇರಿಸಬಹುದು.

“ಏನ್ ಜಾಣೆ ಅಜ್ಜಿ ನಿಮ್ಮ ಮೊಮ್ಮಗಳು!” ಎಂದು ಪೊಟ್ಟಣವನ್ನು ನನ್ನ ಕೈಗಿಟ್ಟು, ಸಾಲಿಗೆಲ್ಲ ಕೇಳುವ ಹಾಗೆ ಗಂಟಲು ಎತ್ತರಿಸಿದರು. “ನೋಡ್ರಪ್ಪಾ, ಚರಂಡಿ ಚರಂಡಿ ಅಂತ ನನ್ನ ಮೇಲೆ ದೂರು ಹೇಳ್ತಿದ್ರಲ್ಲ? ನಿಮ್ಮ ಹುಡುಗೀನೇ ಟೆಸ್ಟ್ ಮಾಡಿದ್ದಾಳೆ. ಕಾಗದಾನೇ ಪಾಸ್ ಮಾಡಿದೆ. ಬಾವಿ ನೀರು ಸಕ್ಕತ್ತಾಗಿದೆ. ಹೇಳು ಪುಟ್ಟಾ, ಎಲ್ರಿಗೂ ಒಂದ್ಸಲ ಹೇಳ್ಬಿಡು.”

ಅಜ್ಜಿ ನನ್ನ ಬೆನ್ನು ತಟ್ಟಿ ಮುಂದೆ ತಳ್ಳಿದಳು. ಅವಳ ಮುಖ ಅರಳಿತ್ತು. ಸಾಲಿನಲ್ಲಿದ್ದ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೂಂ ಎಂದರೆ ಮುಗಿಯಿತು. ಬಾವಿ ಉಳಿಯುತ್ತದೆ, ಅಜ್ಜಿ ಉಳಿಯುತ್ತಾಳೆ, ಮೈಸೂರುಪಾಕು ಕೈಯಲ್ಲೇ ಇದೆ. ಬೇಲಿಯ ಪಕ್ಕದ ಹಸಿರು ನೀರು, ಹಳದಿ ನೀರು ಕಣ್ಣ ಮುಂದೆ ಬಂತು. ಅವು ಯಾವುದರ ಬಣ್ಣ ಎಂದು ಲಿಟ್ಮಸ್ ನನಗೆ ಹೇಳಿರಲಿಲ್ಲ. ನಾನು ಅದನ್ನು ಕೇಳಿಯೂ ಇರಲಿಲ್ಲ.

“ಹುಳಿ ಇಲ್ಲ ಅಂದೆ,” ಎಂದೆ. “ಒಳ್ಳೇದು ಅನ್ನಲಿಲ್ಲ.”

“ಎರಡೂ ಒಂದೇ ಅಲ್ವಾ ಪುಟ್ಟಾ?”

ನಾನು ಮಡಿಸಿಟ್ಟ ಕಾಗದ ಬಿಚ್ಚಿ ಒಂದು ನೀಲಿ ಚೂರು ತೆಗೆದೆ. ಕೂತು, ನಮ್ಮ ಡಬ್ಬದ ಮುಚ್ಚಳ ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ ಎತ್ತಿ ಹಿಡಿದೆ. ಎಣ್ಣೆ ಹೀರಿ ಸ್ವಲ್ಪ ಗಾಢವಾಯಿತು, ಬಣ್ಣ ಮಾತ್ರ ನೀಲಿಯೇ.

“ನೋಡಿ, ಸೀಮೆಎಣ್ಣೇನೂ ಪಾಸು,” ಎಂದೆ. “ಒಂದು ಲೋಟ ಕುಡೀತೀರಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಓನರ್ ನಗಲಿಲ್ಲ. “ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಇರ್ಬಾರ್ದು ಅಜ್ಜಿ,” ಎಂದು ಸ್ಕೂಟರ್ ಒದ್ದು ಹೊರಟರು. ಅಜ್ಜಿ ಮೈಸೂರುಪಾಕಿನ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದು ಸೊಸೈಟಿಯ ಕಟ್ಟೆಯ ಮೇಲಿಟ್ಟು, ಡಬ್ಬ ಎತ್ತಿಕೊಂಡು ಮನೆಯ ಕಡೆ ನಡೆದಳು. ನಾನು ಒದೆ ಬೀಳುತ್ತದೆ ಎಂದು ಹಿಂದೆ ಹಿಂದೆ ಹೋದೆ. ಒದೆಗಿಂತ ಮೈಸೂರುಪಾಕಿನ ಚಿಂತೆಯೇ ಹೆಚ್ಚಿತ್ತು ಎಂದರೆ ನೀವು ನಗಬಾರದು.

ಅಜ್ಜಿ ನೇರ ಬಾವಿಯ ಹತ್ತಿರ ಹೋದಳು. ಕಟ್ಟೆಯ ಮೇಲೆ ಕೈಯೂರಿ ಒಳಗೆ ನೋಡುತ್ತಾ ನಿಂತಳು.

“ಅಂಗಾರೆ ಒಳ್ಳೇದೋ ಕೆಟ್ಟದ್ದೋ ಏಳೋ ಕಾಗ್ದ ಯಾವ್ದು?” ಎಂದು ಕೇಳಿದಳು. “ಅದ್ನ ತಕ್ಕಂಬಾ.”

ನನಗೆ ಯಾವ ಕಾಗದ ಎಂದು ಗೊತ್ತಿರಲಿಲ್ಲ. ಮರುದಿನ ಮೇಷ್ಟ್ರನ್ನು ಕೇಳಿದೆ. ಅವರು ಪುಸ್ತಕ ತೆರೆದರು, ಮುಚ್ಚಿದರು, ಕನ್ನಡಕ ತೆಗೆದು ಒರೆಸಿದರು. “ಗೊತ್ತಿಲ್ಲಮ್ಮ,” ಎಂದರು. ನಾನು ಅವರ ಬಾಯಲ್ಲಿ ಕೇಳಿದ ಮಾತುಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಅದೇ. ಆಮೇಲೆ ನಾನೂ ಟೀಚರಾದಾಗ ಆ ಮಾತನ್ನು ಮಕ್ಕಳ ಎದುರು ಧೈರ್ಯವಾಗಿ ಆಡಿದ್ದೇನೆ. ಮೇಷ್ಟ್ರು ನಮ್ಮ ಬಾವಿಯ ಒಂದು ಸೀಸೆ ನೀರನ್ನು ಸಿಟಿಯ ಯಾವುದೋ ಕಾಲೇಜಿನಲ್ಲಿದ್ದ ತಮ್ಮ ಪರಿಚಯದವರಿಗೆ ತಲುಪಿಸಿದರು. ಉತ್ತರ ಬರಲೇ ಇಲ್ಲ.

ಉತ್ತರ ಬರುವವರೆಗೆ ಕಾಯುತ್ತೇನೆ ಎಂದಳು ಅಜ್ಜಿ. ಆದರೆ ಕಾಯುವ ರೀತಿ ನೋಡಿ. “ಗೊತ್ತಾಗೋ ತಂಕ ಯಾರೂ ಕುಡೀಬ್ಯಾಡಿ,” ಎಂದು ಬಂದವರಿಗೆ ತಾನೇ ಹೇಳಿ, ರಾಟೆಯಿಂದ ಹಗ್ಗ ಬಿಚ್ಚಿ ಒಳಗಿಟ್ಟಳು. ಪಾತ್ರೆ ತೊಳೆಯಲು, ನುಗ್ಗೆಮರಕ್ಕೆ ಎಂದು ಮನೆಯವರು ಬೇಕಾದಾಗ ಹಗ್ಗ ಹಾಕಿ ಸೇದಿಕೊಳ್ಳುತ್ತಿದ್ದೆವು. ಊರಿಗೆ ನೀರು ಕೊಟ್ಟವಳು ಕೊಡ ಹಿಡಿದು ಬೀದಿ ನಲ್ಲಿಯ ಸಾಲಿನಲ್ಲಿ ಕೊನೆಗೆ ನಿಂತಳು. ಯಾರಾದರೂ ಮುಂದೆ ಬಾ ಅಜ್ಜಿ ಎಂದರೆ ಬರುತ್ತಿರಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹೂಂ ಎಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೂ ಅವತ್ತು ಹೂಂ ಎನ್ನುತ್ತಿರಲಿಲ್ಲ, ಇವತ್ತೂ ಎನ್ನುವುದಿಲ್ಲ.

ನಾನು ಕಾಲೇಜು ಸೇರಿದ ವರ್ಷ ಮಳೆ ಜೋರಾಗಿ ಹಿಡಿಯಿತು. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅಮ್ಮ ನುಗ್ಗೆಮರಕ್ಕೆಂದು ಬಾವಿಯಿಂದ ನೀರು ಸೇದಿದಳು. ಬಕೆಟ್ಟಿನಲ್ಲಿ ತಿಳಿ ಹಳದಿ ನೀರು. ಚರಂಡಿಯಲ್ಲಿ ನಾವು ಹುಣಸೆಬೀಜ ಕಟ್ಟುತ್ತಿದ್ದೆವಲ್ಲ, ಅದೇ ಹಳದಿ.

ಅಮ್ಮ ಕೂಗಿದಳು. ಅಜ್ಜಿ ಬಂದು ನೋಡಿದಳು. ಅಳಲಿಲ್ಲ. ಒಂದು ಪಾತ್ರೆಯಲ್ಲಿ ಆ ನೀರು ಹಾಕಿ, ಹಿಡಿ ತೊಗರಿಬೇಳೆ ಹಾಕಿ, ಹಿತ್ತಿಲ ಒಲೆಯ ಮೇಲಿಟ್ಟು ಮುಂದೆ ಕೂತಳು. ಸೈರನ್ ಆಗುವಷ್ಟರಲ್ಲಿ ಬೇಳೆ ಬೆಂದಿತ್ತು. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಬೆಣ್ಣೆಯ ಹಾಗೆ ಬೆಂದಿತ್ತು.

“ಬೆಂದೈತೆ ಕಣೇ,” ಎಂದಳು. “ಬೇಳೆಗೇನ್ ಗೊತ್ತಾಯ್ತದೆ.”

ಬೇಳೆಯನ್ನು ಬೂದಿಗುಂಡಿಗೆ ಚೆಲ್ಲಿದಳು. ಒಳಗೆ ಹೋಗಿ ಅಮ್ಮನ ಮದುವೆಯ ಚೊಂಬನ್ನು ತಂದಳು. ಹುಣಸೆಹಣ್ಣು ತೆಗೆದುಕೊಂಡು ತಿಕ್ಕಿದಳು, ಹೊರಗೆ, ಕಂಠದಲ್ಲಿ, ಬುಡದಲ್ಲಿ, ಬಂಗಾರದ ಬಣ್ಣ ಬರುವವರೆಗೆ. ನೆನಪಿಟ್ಟುಕೊಂಡು ಒಳಗೆ ಮಾತ್ರ ಬರೀ ನೀರಲ್ಲಿ ತೊಳೆದಳು. ಬಾವಿಯ ನೀರು ತುಂಬಿದಳು. “ಬಾರೇ,” ಎಂದು ನನ್ನನ್ನು ಕರೆದುಕೊಂಡು ಬೇಲಿ ಸುತ್ತಿ ಪ್ಲೇಟಿಂಗ್ ಶೆಡ್ಡಿನ ಒಳಕ್ಕೆ ನಡೆದಳು.

ಓನರ್ ಮೇಜಿನ ಹಿಂದೆ ಕೂತಿದ್ದರು. ಅಜ್ಜಿ ಚೊಂಬನ್ನು ಅವರ ಮುಂದೆ ಇಟ್ಟಳು.

“ಕುಡೀರಿ,” ಎಂದಳು.

“ಏನಜ್ಜಿ ಇದು?”

“ನಮ್ ಬಾವಿ ನೀರು. ಬೇಳೆ ಬೇಯ್ತೈತೆ. ಕಾಗ್ದಾನೂ ಪಾಸು ಮಾಡೈತೆ. ನಮ್ ಉಡ್ಗೀನೇ ಟೆಸ್ಟ್ ಮಾಡವ್ಳೆ. ಕುಡೀರಿ.”

ತೊಟ್ಟಿಗಳ ಹತ್ತಿರ ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಓನರ್ ಚೊಂಬಿನೊಳಗೆ ಇಣುಕಿದರು. “ಈಗ್ತಾನೆ ಕಾಫಿ ಆಯ್ತಜ್ಜಿ,” ಎಂದರು. ಅಜ್ಜಿ ನಿಂತೇ ಇದ್ದಳು. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು, ಕೈ ತಾಗದ ಹಾಗೆ, ಚೊಂಬನ್ನು ನಿಧಾನವಾಗಿ ತಮ್ಮಿಂದ ದೂರ ತಳ್ಳಿದರು.

ಅಜ್ಜಿ ಚೊಂಬನ್ನು ಎತ್ತಿಕೊಂಡು, ನೀರನ್ನು ಅವರ ಹೊಸಿಲ ಮೇಲೆ ಸುರಿದಳು.

“ಗೊತ್ತಾಯ್ತು,” ಎಂದಳು. “ನಡಿಯೇ ರತ್ನಿ.”